ಓಡುತ್ತಿರುವ ಗಣಕಕ್ಕೆ ಹೊಸ ಅಂಗ

ಓಡುತ್ತಿರುವ ರೈಲುಗಾಡಿಗೆ ನಡುದಾರಿಯಲ್ಲಿ ಹೊಸದೊಂದು ಡಬ್ಬಿಯನ್ನು ಯಾರೂ ಜೋಡಿಸುವುದಿಲ್ಲ. ಗಾಡಿಯನ್ನು ನಿಲ್ಲಿಸಬೇಕು, ಡಬ್ಬಿಯನ್ನು ಕೂಡಿಸಬೇಕು, ಕೊಂಡಿ ಬಿಗಿಯಾಯಿತೆ ಎಂದು ನೋಡಬೇಕು. ಹೊರಡುವುದು ಆಮೇಲಿನ ಮಾತು. ಆದರೆ ನಿಲ್ಲಿಸಲು ಬಾರದ ಯಂತ್ರಗಳೂ ಉಂಟು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಉತ್ಪಾದಿಸುವ ದೊಡ್ಡ ಕೇಂದ್ರವಿದೆ. ಅಲ್ಲಿರುವುದು ತಲಾ 800 ಮೆಗಾವಾಟಿನ ಮೂರು ಘಟಕಗಳು. ದುರಸ್ತಿಗೆಂದು ನಿಲ್ಲಿಸಿದ ಒಂದು ಘಟಕವನ್ನು ಮತ್ತೆ ಸೇರಿಸಬೇಕಾದಾಗ ದೇಶದ ವಿದ್ಯುಜ್ಜಾಲವನ್ನೆಲ್ಲ ನಿಲ್ಲಿಸಲು ಸಾಧ್ಯವೆ? ಇಲ್ಲ. ಸೇರಲು ಬರುವ ಘಟಕವೇ ಜಾಲದ ವೋಲ್ಟೇಜಿಗೆ ತನ್ನ ವೋಲ್ಟೇಜನ್ನು ಸರಿಮಾಡಿಕೊಂಡು, ಸೆಕೆಂಡಿಗೆ 50 ಆವರ್ತನೆಗಳ ಅದರ ಲಯಕ್ಕೆ ತನ್ನ ಲಯವನ್ನು ಹೊಂದಿಸಿಕೊಂಡು, ಅದರ ಏರಿಳಿತದೊಡನೆ ಹೆಜ್ಜೆ ಕೂಡಿದ ಕ್ಷಣದಲ್ಲಿಯೇ ಒಳಗೆ ಕಾಲಿಡಬೇಕು. ಹೆಜ್ಜೆ ತಪ್ಪಿದರೆ ಜನಕಯಂತ್ರದ ಅಚ್ಚಿಗೇ ಅಪಾಯ.

ಗಣಕಯಂತ್ರಕ್ಕೆ ಹೊರಗಿನ ಸಾಧನವೊಂದನ್ನು ಅದು ಕೆಲಸಮಾಡುತ್ತಿರುವಾಗಲೇ ಜೋಡಿಸುವುದು ಇದೇ ಜಾತಿಯ ಕಾರ್ಯ. ಇದನ್ನು ಹಾಟ್ ಪ್ಲಗ್ಗಿಂಗ್ ಎನ್ನುತ್ತಾರೆ. ನಾವು ಚಾಲೂ ಜೋಡಣೆ ಎಂದು ಕರೆಯೋಣ. ಪೆನ್ ಡ್ರೈವನ್ನು ಚುಚ್ಚುವಾಗ ನಾವೆಲ್ಲರೂ ಇದನ್ನು ಮಾಡುತ್ತೇವೆ, ಏನೂ ಕಷ್ಟವೆನಿಸುವುದಿಲ್ಲ. ಆದರೆ ಬಿಡಿಭಾಗಗಳನ್ನು ಕೊಂಡು ತಾವೇ ಕಟ್ಟಿಕೊಂಡ ಗಣಕದಲ್ಲಿ ಆ್ಯಪಲ್ ಸಂಸ್ಥೆಯ ಮ್ಯಾಕ್‌ಓಎಸ್ ವ್ಯವಸ್ಥೆಯನ್ನು ನಡೆಸುವವರು ಥಂಡರ್‌ಬೋಲ್ಟ್ ಕೇಬಲ್ಲಿನ ಸಾಧನಗಳನ್ನು ಜೋಡಿಸಹೊರಟಾಗ ಈ ಸುಲಭವೆಲ್ಲ ಮಾಯವಾಗುತ್ತದೆ. ಇಂಥ ಗಣಕಕ್ಕೆ ಹ್ಯಾಕಿಂಟಾಷ್ ಎಂದು ಹೆಸರು. ಗಣಕವನ್ನು ಆರಂಭಿಸುವಾಗ ಕೇಬಲ್ ಜೋಡಿಸಿದ್ದರೆ ಸಾಧನ ಕಾಣುತ್ತದೆ. ಕಿತ್ತು ಮತ್ತೆ ಚುಚ್ಚಿದರೆ ಕಾಣುವುದಿಲ್ಲ. ಕೆಲವೊಮ್ಮೆ ಕಿತ್ತ ಮಾತ್ರಕ್ಕೆ ಇಡೀ ಗಣಕವೇ ಸ್ತಬ್ಧವಾಗುತ್ತದೆ. ಹೀಗೇಕೆ? ಇದಕ್ಕೆ ಉತ್ತರ ಹುಡುಕಿದರೆ ಗಣಕದ ಒಳರಚನೆಯ ಒಂದು ಮುಖ್ಯ ತತ್ತ್ವ ನಮ್ಮ ಕೈಸೇರುತ್ತದೆ.

ಮೊದಲು ವಿದ್ಯುತ್ತಿನ ಮಾತು

ಹಳೆಯ ಯುಎಸ್‌ಬಿ ಪ್ಲಗ್ಗೊಂದರ ಒಳಗೆ ಇಣುಕಿ ನೋಡಿರಿ. ಅಲ್ಲಿ ನಾಲ್ಕು ಲೋಹದ ಪಟ್ಟಿಗಳಿವೆ. ಅಂಚಿನ ಎರಡು ಉದ್ದವಾಗಿಯೂ ನಡುವಿನ ಎರಡು ಗಿಡ್ಡವಾಗಿಯೂ ಇರುವುದನ್ನು ಗಮನಿಸಿರಿ. ಉದ್ದನೆಯವು ವಿದ್ಯುತ್ತಿಗೆ, ಗಿಡ್ಡನೆಯವು ಮಾಹಿತಿಗೆ. ಪ್ಲಗ್ಗನ್ನು ಒಳದೂಡುವಾಗ ವಿದ್ಯುತ್ತಿನ ಪಟ್ಟಿಗಳು ಮೊದಲು ಮುಟ್ಟುತ್ತವೆ. ಸಾಧನಕ್ಕೆ ಜೀವ ಬಂದ ಮೇಲೆಯೇ ಮಾತುಕತೆಯ ತಂತಿಗಳು ಕೂಡುತ್ತವೆ. ಕೀಳುವಾಗ ಕ್ರಮ ತಿರುಗುಮುರುಗು: ಮಾತು ಮೊದಲು ನಿಲ್ಲುತ್ತದೆ, ಜೀವ ಆಮೇಲೆ ಹೋಗುತ್ತದೆ. ಕೆಲವು ಮಿಲಿಮೀಟರಿನಷ್ಟೂ ಇಲ್ಲದ ಈ ಅಂತರವೇ ಚಾಲೂ ಜೋಡಣೆಯ ಮೊದಲ ಮೆಟ್ಟಲು.

ಥಂಡರ್‌ಬೋಲ್ಟಿನ ಮೂರನೆಯ ಆವೃತ್ತಿಯಿಂದೀಚೆಗೆ ಬಳಕೆಯಲ್ಲಿರುವ ಯುಎಸ್‌ಬಿ-ಸಿ ಕೊಂಡಿಯಲ್ಲಿ ಇನ್ನೂ ಒಂದು ಎಚ್ಚರಿಕೆಯುಂಟು. ಎದುರು ತುದಿಯಲ್ಲಿ 5.1 ಕಿಲೋಓಮ್ ಪ್ರತಿರೋಧವಿರುವುದನ್ನು ಒಂದು ಪ್ರತ್ಯೇಕ ತಂತಿಯ ಮೂಲಕ ಅರಿತ ಮೇಲೆಯೇ ಗಣಕವು ವಿದ್ಯುತ್ತನ್ನು ಹರಿಯಬಿಡುತ್ತದೆ. ಬಾಗಿಲು ತಟ್ಟಿದವರು ಯಾರೆಂದು ಕೇಳಿದ ಮೇಲೆ ಚಿಲಕ ತೆಗೆದಂತೆ. ಇಷ್ಟರಮಟ್ಟಿಗೆ ಹ್ಯಾಕಿಂಟಾಷ್ ಗಣಕಕ್ಕೂ ನಿಜವಾದ ಮ್ಯಾಕಿಗೂ ಭೇದವಿಲ್ಲ. ತೊಡಕು ಶುರುವಾಗುವುದು ಮುಂದಿನ ಮೆಟ್ಟಲಲ್ಲಿ.

ಥಂಡರ್‌ಬೋಲ್ಟ್ ಎಂದರೇನು?

ಇಂಟೆಲ್ ಸಂಸ್ಥೆಯು ಲೈಟ್ ಪೀಕ್ ಎಂಬ ಹೆಸರಿನಲ್ಲಿ 2009ರಲ್ಲಿ ತೋರಿಸಿದ ಸಂಪರ್ಕ ವಿಧಾನವು 2011ರ ಫೆಬ್ರುವರಿಯಲ್ಲಿ ಆ್ಯಪಲ್ಲಿನ ಮ್ಯಾಕ್‌ಬುಕ್ ಪ್ರೊ ಗಣಕಗಳಲ್ಲಿ ಥಂಡರ್‌ಬೋಲ್ಟ್ ಎಂಬ ಹೆಸರಿನಿಂದ ಬಳಕೆಗೆ ಬಂದಿತು. ಆಗ ಅದರ ವೇಗ ಪ್ರತಿ ವಾಹಿನಿಗೆ ಸೆಕೆಂಡಿಗೆ 10 ಗಿಗಾಬಿಟ್ಟು. 2015ರಲ್ಲಿ ಪ್ರಕಟವಾದ ಮೂರನೆಯ ಆವೃತ್ತಿಯಲ್ಲಿ ಅದು 40ಕ್ಕೆ ಏರಿತು. ಆದರೆ ಇದರ ವೈಶಿಷ್ಟ್ಯವು ವೇಗದಲ್ಲಿಯೇ ಮುಗಿಯುವುದಿಲ್ಲ. ಗಣಕದ ಮದರ್‌ಬೋರ್ಡಿನಲ್ಲಿ ಸಂಸ್ಕಾರಕವನ್ನೂ ಇತರ ಬಿಡಿಭಾಗಗಳನ್ನೂ ಬೆಸೆಯುವ ಒಳದಾರಿಗೆ ಪಿಸಿಐ ಎಕ್ಸ್‌ಪ್ರೆಸ್ ಎಂದು ಹೆಸರು. ಥಂಡರ್‌ಬೋಲ್ಟ್ ಆ ಒಳದಾರಿಯನ್ನೇ ಕೇಬಲ್ಲಿನ ಮೂಲಕ ಪೆಟ್ಟಿಗೆಯ ಹೊರಕ್ಕೆ ತರುತ್ತದೆ. ಪೆನ್ ಡ್ರೈವ್ ಗಣಕದ ಹೊಸ್ತಿಲಲ್ಲಿ ನಿಂತು ಮಾತನಾಡುವ ಅತಿಥಿ. ಥಂಡರ್‌ಬೋಲ್ಟ್ ಸಾಧನವು ಅಡಿಗೆಮನೆಯವರೆಗೂ ಬರುವ ಮನೆಯ ಆಳು. ಗಣಕದ ದೃಷ್ಟಿಯಲ್ಲಿ ಅದು ಹೊರಗಿನ ವಸ್ತುವೇ ಅಲ್ಲ, ತನ್ನದೇ ಒಂದು ಅಂಗ. ಆದುದರಿಂದ ಅದಕ್ಕೆ ಅಂಗಕ್ಕೆ ಸಲ್ಲಬೇಕಾದ ಸಂಖ್ಯೆಯೂ ಜಾಗವೂ ಸಲ್ಲಬೇಕು.

ವಿಜಯಪುರದಿಂದ ಎರಡು ದಾರಿ

ಈ ಸಂಖ್ಯೆ ಮತ್ತು ಜಾಗಗಳ ವಿಷಯವನ್ನು ಒಂದು ಕಲ್ಪನೆಯಿಂದ ತಿಳಿಯಬಹುದು. ವಿಜಯಪುರ ನಗರದಿಂದ ಅಥಣಿಯ ಕಡೆಗೆ ಪಶ್ಚಿಮದಲ್ಲಿ ಹೋಗುವ ರಸ್ತೆಯಲ್ಲಿ ತಿಕೋಟಾ ಸಿಗುತ್ತದೆ. ಜಮಖಂಡಿಯ ಕಡೆಗೆ ನೈಋತ್ಯದಲ್ಲಿ ಹೋಗುವ ರಸ್ತೆಯಲ್ಲಿ ಬಬಲೇಶ್ವರ ಸಿಗುತ್ತದೆ. ಈ ಮೂರು ಊರುಗಳ ಓಣಿಗಳಿಗೆ ಒಂದೇ ಸಾಲಿನ ಸಂಖ್ಯೆಗಳನ್ನು ಕೊಡಬೇಕೆಂದು ಒಬ್ಬ ಗುಮಾಸ್ತನಿಗೆ ಅಪ್ಪಣೆಯಾಗಿದೆಯೆಂದು ಭಾವಿಸೋಣ. ಅವನು ವಿಜಯಪುರದ ಓಣಿಗಳಿಗೆ 1ರಿಂದ 20, ತಿಕೋಟೆಯ ದಾರಿಗೆ 21ರಿಂದ 40, ಬಬಲೇಶ್ವರದ ದಾರಿಗೆ 41ರಿಂದ 60 ಎಂದು ಹಂಚುತ್ತಾನೆ. ಟಪಾಲು ಸಾಗಿಸುವವನಿಗೆ ಪ್ರತಿಯೊಂದು ಓಣಿಯ ಪರಿಚಯವೂ ಬೇಕಿಲ್ಲ. ದಾರಿ ಕವಲೊಡೆಯುವಲ್ಲಿ ‘21ರಿಂದ 40 ಈ ಕಡೆ, 41ರಿಂದ 60 ಆ ಕಡೆ’ ಎಂಬ ಎರಡು ಹಲಗೆಗಳಿದ್ದರೆ ಸಾಕು.

ಗಣಕದ ಒಳದಾರಿಯಲ್ಲಿ ಇಂಥ ಕವಲಿಗೆ ಸೇತುವೆ ಎಂದು ಹೆಸರು. ‘ಇಂತಿಷ್ಟರಿಂದ ಇಂತಿಷ್ಟರವರೆಗಿನ ಸಂಖ್ಯೆಗಳು ನನ್ನ ಹಿಂದಿವೆ’ ಎಂಬುದಷ್ಟೇ ಪ್ರತಿಯೊಂದು ಸೇತುವೆಗೂ ಗೊತ್ತು. ಓಣಿಯ ಸಂಖ್ಯೆಗೆ ಬಸ್ ಸಂಖ್ಯೆ ಎನ್ನುತ್ತಾರೆ. ಅದಕ್ಕೆ 8 ಬಿಟ್ಟುಗಳ ಸ್ಥಳವಿರುವುದರಿಂದ ಒಟ್ಟು 256 ಸಂಖ್ಯೆಗಳು ಲಭ್ಯ. ಗಣಕವನ್ನು ಆರಂಭಿಸಿದೊಡನೆ ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್, ಅಂದರೆ ಅದರಲ್ಲಿ ಬೇರೂರಿದ ಮೂಲ ತಂತ್ರಾಂಶವು, ಪ್ರತಿಯೊಂದು ಕವಲನ್ನೂ ಹೊಕ್ಕು ‘ಯಾರಿದ್ದೀರಿ?’ ಎಂದು ಕೇಳುತ್ತ ಬರುತ್ತದೆ. ಸಾಧನವಿದ್ದರೆ ಅದು ತನ್ನ ತಯಾರಕರ 16 ಬಿಟ್ಟುಗಳ ಗುರುತನ್ನು ಹೇಳುತ್ತದೆ. ಇಂಟೆಲ್ಲಿನ ಗುರುತು 8086. 1978ರಲ್ಲಿ ಆ ಸಂಸ್ಥೆ ಹೊರತಂದ ಪ್ರಸಿದ್ಧ ಸಂಸ್ಕಾರಕದ ಸಂಖ್ಯೆಯೂ ಇದೇ. ಯಾರೂ ಇಲ್ಲದಿದ್ದರೆ 16 ಬಿಟ್ಟುಗಳೂ 1 ಎಂದೇ ಓದಿಬರುತ್ತವೆ. ಅದು ಬರಿದು ಮನೆಯ ಲಕ್ಷಣ. ಹಾಗೆಯೇ ಪ್ರತಿಯೊಂದು ಸಾಧನಕ್ಕೂ ಮೆಮರಿಯ ವಿಳಾಸಗಳಲ್ಲಿ ಎಷ್ಟು ಜಾಗ ಬೇಕೆಂದು ಕೇಳಿ, ಅಷ್ಟನ್ನು ಅಳೆದು ಕೊಡಲಾಗುತ್ತದೆ.

ಈಗ ತಿಕೋಟೆಯ ಆಚೆ ಹೊಸದೊಂದು ಬಡಾವಣೆ ಎದ್ದಿತೆನ್ನೋಣ. ಗುಮಾಸ್ತನು ತಿಕೋಟೆಯಲ್ಲಿ ಅಂದು ಇದ್ದ ಓಣಿಗಳನ್ನಷ್ಟೇ ಎಣಿಸಿ, 21ರಿಂದ 23 ಎಂದು ಬರೆದು, 24ರಿಂದಲೇ ಬಬಲೇಶ್ವರವನ್ನು ಆರಂಭಿಸಿದ್ದರೆ ಏನಾಗುತ್ತಿತ್ತು? ಹೊಸ ಬಡಾವಣೆಗೆ ಸಂಖ್ಯೆಯೇ ಉಳಿದಿಲ್ಲ. ಬಬಲೇಶ್ವರದ ಓಣಿಗಳಿಗೆಲ್ಲ ಹೊಸ ಸಂಖ್ಯೆ ಕೊಡೋಣವೆಂದರೆ ಹಳೆಯ ವಿಳಾಸ ಹೊತ್ತ ಕಾಗದಗಳು ಆಗಲೇ ದಾರಿಯಲ್ಲಿವೆ. ಅವೆಲ್ಲ ತಪ್ಪು ಮನೆ ಸೇರುತ್ತವೆ. ಗುಮಾಸ್ತನು ಮುಂದಾಲೋಚನೆಯಿಂದ 40ರವರೆಗೆ ಬಿಟ್ಟಿದ್ದರೆ ಯಾವ ಗಲಿಬಿಲಿಯೂ ಇಲ್ಲದೆ ಬಡಾವಣೆಗೆ 24 ಸಿಗುತ್ತಿತ್ತು.

ಚಾಲೂ ಜೋಡಣೆಯ ಮರ್ಮ ಇದೇ. ಇಂದು ಬರಿದಾಗಿರುವ ಕವಲಿಗೆ, ನಾಳೆ ಬರಬಹುದಾದವರಿಗಾಗಿ, ಸಂಖ್ಯೆಯನ್ನೂ ಜಾಗವನ್ನೂ ಮುಂಚಿತವಾಗಿ ಕಾದಿರಿಸಬೇಕು. ಅದರಲ್ಲಿಯೂ ಥಂಡರ್‌ಬೋಲ್ಟಿನ ಡಾಕ್ ಎಂಬ ಪೆಟ್ಟಿಗೆಯೊಳಗೆ ಹಲವು ಸೇತುವೆಗಳಿರುತ್ತವೆ. ಅದರ ಬಾಲಕ್ಕೆ ಇನ್ನೊಂದು ಸಾಧನ, ಅದರ ಬಾಲಕ್ಕೆ ಮತ್ತೊಂದು, ಹೀಗೆ ಆರರವರೆಗೆ ಸಾಲಾಗಿ ಕೂಡಿಸಬಹುದು. ಬರುವವನು ಒಬ್ಬ ನೆಂಟನಲ್ಲ, ಇಡೀ ದಿಬ್ಬಣ!

ಹ್ಯಾಕಿಂಟಾಷ್‌ನಲ್ಲಿ ತೊಡಕೇಕೆ?

ಆ್ಯಪಲ್ ಸಂಸ್ಥೆಯು ತನ್ನ ಗಣಕಗಳಿಗೆ ಇಂಟೆಲ್ ಸಂಸ್ಕಾರಕಗಳನ್ನು ಬಳಸುವುದಾಗಿ 2005ರಲ್ಲಿ ಪ್ರಕಟಿಸಿತು. 2006ರ ಜನವರಿಯಲ್ಲಿ ಅಂಥ ಮೊದಲ ಮ್ಯಾಕ್‌ಗಳು ಬಂದವು. ಆಗಿನಿಂದ ಮ್ಯಾಕಿನ ಸಂಸ್ಕಾರಕವೂ ಸಾಮಾನ್ಯ ಪಿಸಿಯ ಸಂಸ್ಕಾರಕವೂ ಒಂದೇ ಕುಲದವಾದುದರಿಂದ, ಮ್ಯಾಕ್‌ಓಎಸ್ ವ್ಯವಸ್ಥೆಯನ್ನು ಪಿಸಿಯಲ್ಲಿ ನಡೆಸುವ ಹವ್ಯಾಸ ಹಬ್ಬಿತು. ಆದರೆ ಸಂಸ್ಕಾರಕ ಒಂದೇ ಆದರೂ ಮನೆವಾರ್ತೆ ಬೇರೆ ಬೇರೆ.

ಮೊದಲನೆಯದಾಗಿ, ಜಾಗ ಹಂಚುವವರು ಯಾರು ಎಂಬ ಪ್ರಶ್ನೆ. ಹಿಂದಿನ ಹಲವು ಪಿಸಿ ಮದರ್‌ಬೋರ್ಡುಗಳಲ್ಲಿ ಕೇಬಲ್ ಚುಚ್ಚಿದಾಗ ಫರ್ಮ್‌ವೇರೇ ಎದ್ದುಬಂದು, ಹೊಸ ಸಾಧನಕ್ಕೆ ಸಂಖ್ಯೆ ಕೊಟ್ಟು, ಆಮೇಲೆ ವಿಂಡೋಸ್ ವ್ಯವಸ್ಥೆಗೆ ತಿಳಿಸುತ್ತಿತ್ತು. ಮ್ಯಾಕ್‌ಓಎಸ್ಸಿನಲ್ಲಿ ಆ ಕೆಲಸ ವ್ಯವಸ್ಥೆಯದೇ. ಎರಡನೆಯದಾಗಿ, ಕೇಬಲ್ಲಿನೊಳಗೆ ಮಾಹಿತಿಯ ಸುರಂಗಗಳನ್ನು ತೋಡುವ ಮೇಸ್ತ್ರಿ ಯಾರು ಎಂಬ ಪ್ರಶ್ನೆ. ಮ್ಯಾಕ್‌ಗಳಲ್ಲಿ ಈ ಮೇಸ್ತ್ರಿ ಮ್ಯಾಕ್‌ಓಎಸ್ಸಿನೊಳಗಿನ ತಂತ್ರಾಂಶ. ಥಂಡರ್‌ಬೋಲ್ಟ್ 3ರ ಕಾಲದ ಪಿಸಿಗಳಲ್ಲಿಯಾದರೋ ಸಾಮಾನ್ಯವಾಗಿ ಥಂಡರ್‌ಬೋಲ್ಟ್ ಚಿಪ್ಪಿನಲ್ಲಿಯೇ ಅಡಗಿರುವ ಫರ್ಮ್‌ವೇರ್. ಒಂದು ಮನೆ ಕಟ್ಟಲು ಇಬ್ಬರು ಮೇಸ್ತ್ರಿಗಳು ಬಂದು, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದಿದ್ದರೆ ಗೋಡೆ ಏಳುವುದು ಹೇಗೆ?

ಮೂರನೆಯದು ನಕ್ಷೆಯ ಪ್ರಶ್ನೆ. ಗಣಕದಲ್ಲಿ ಯಾವ ಅಂಗ ಎಲ್ಲಿದೆ, ಅದನ್ನು ಎಚ್ಚರಿಸುವುದು ಹೇಗೆ, ಮಲಗಿಸುವುದು ಹೇಗೆ ಎಂಬುದನ್ನು ಎಸಿಪಿಐ ಎಂಬ ಕೋಷ್ಟಕಗಳು ತಿಳಿಸುತ್ತವೆ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ರೂಪಿಸಿದ ಪದ್ಧತಿಯಿದು. ಪಿಸಿಯ ಮದರ್‌ಬೋರ್ಡಿನ ತಯಾರಕರು ಈ ನಕ್ಷೆಯನ್ನು ವಿಂಡೋಸ್ ಓದಲೆಂದು ಬರೆದಿರುತ್ತಾರೆ. ಅನೇಕ ಮದರ್‌ಬೋರ್ಡುಗಳಲ್ಲಿ, ಆರಂಭದ ವೇಳೆಗೆ ಯಾವ ಸಾಧನವೂ ಜೋಡಿಸಿರದಿದ್ದರೆ ವಿದ್ಯುತ್ತನ್ನು ಉಳಿಸಲೆಂದು ಥಂಡರ್‌ಬೋಲ್ಟ್ ಚಿಪ್ಪನ್ನೇ ಮಲಗಿಸಿಬಿಡುವ ಏರ್ಪಾಡುಂಟು. ಆಗ ಮ್ಯಾಕ್‌ಓಎಸ್ಸಿಗೆ ಆ ಕವಲೇ ಕಾಣುವುದಿಲ್ಲ. ಕಾಣದ ಕವಲಿಗೆ ಜಾಗ ಕಾದಿರಿಸುವುದು ಎಲ್ಲಿಂದ ಬಂತು? ಆರಂಭದಲ್ಲಿ ಜೋಡಿಸಿದರೆ ಕಾಣುತ್ತದೆ, ಅನಂತರ ಜೋಡಿಸಿದರೆ ಕಾಣದು ಎಂಬ ಒಗಟು ಇಲ್ಲಿಗೆ ಬಿಡಿಸಿದಂತಾಯಿತು.

ಇದು ಬರಿಯ ಅನನುಕೂಲವೆಂದು ಯಾರಾದರೂ ತಿಳಿದಾರು. ಗಣಕವನ್ನು ಮತ್ತೊಮ್ಮೆ ಆರಂಭಿಸಿದರೆ ಮುಗಿಯಿತಲ್ಲ ಎಂದಾರು. ಆದರೆ ತಿಕೋಟೆಯಲ್ಲಿಯೋ ಬಬಲೇಶ್ವರದಲ್ಲಿಯೋ ಒಬ್ಬ ವಿದ್ಯಾರ್ಥಿ ಇಂಥ ಗಣಕದಲ್ಲಿ ಚಲನಚಿತ್ರವೊಂದನ್ನು ಸಂಕಲನ ಮಾಡುತ್ತಿರುವುದನ್ನು ಊಹಿಸಿರಿ. ಬೇಸಗೆಯ ಗಾಳಿಮಳೆಗೆ ವಿದ್ಯುತ್ತು ಒಂದು ಕ್ಷಣ ಹೋಗಿ ಬರುತ್ತದೆ. ಗಣಕಕ್ಕೆ ಯುಪಿಎಸ್ ಆಸರೆಯಿದೆ. ಗೋಡೆಯ ವಿದ್ಯುತ್ತನ್ನೇ ನಂಬಿದ ಹೊರಗಿನ ಡಿಸ್ಕಿಗೆ ಇಲ್ಲ. ಗಣಕದ ದೃಷ್ಟಿಯಲ್ಲಿ ಆ ಕ್ಷಣದಲ್ಲಿ ಯಾರೋ ಕೇಬಲ್ಲನ್ನು ಕಿತ್ತರು, ಮತ್ತೆ ಚುಚ್ಚಿದರು. ಚಾಲೂ ಜೋಡಣೆ ಸರಿಯಿದ್ದರೆ ಡಿಸ್ಕು ಮರಳಿ ಬರುತ್ತದೆ. ಇಲ್ಲದಿದ್ದರೆ ಗಣಕವೇ ನಿಂತು, ಉಳಿಸದಿದ್ದ ಕೆಲಸವೆಲ್ಲ ನೀರುಪಾಲು.

ಪರಿಹಾರದ ಬಗೆ

ಪರಿಹಾರವು ಮೇಲಿನ ಮೂರು ಪ್ರಶ್ನೆಗಳನ್ನೇ ಅನುಸರಿಸುತ್ತದೆ. ಮದರ್‌ಬೋರ್ಡಿನ ಫರ್ಮ್‌ವೇರ್ ಪುಟಗಳಲ್ಲಿ ಥಂಡರ್‌ಬೋಲ್ಟ್ ಚಿಪ್ಪು ಸದಾ ಎಚ್ಚರವಿರುವಂತೆಯೂ, ಅದಕ್ಕೆ ಹೆಚ್ಚಿನ ಬಸ್ ಸಂಖ್ಯೆ ಮತ್ತು ಮೆಮರಿ ಮೀಸಲಿಡುವಂತೆಯೂ ಆಯ್ಕೆಗಳಿದ್ದರೆ ಮೊದಲು ಅವನ್ನು ಸರಿಪಡಿಸುತ್ತಾರೆ. ಎರಡನೆಯದು ನಕ್ಷೆಯ ತಿದ್ದುಪಡಿ. ಮೂಲ ಕೋಷ್ಟಕವನ್ನು ಕೆಡಿಸದೆ, ಎಸ್‌ಎಸ್‌ಡಿಟಿ ಎಂಬ ಪೂರಕ ಕೋಷ್ಟಕವೊಂದನ್ನು ಬರೆದು, ಓಪನ್‌ಕೋರ್‌ನಂತಹ ಆರಂಭಕ ತಂತ್ರಾಂಶದ ಮೂಲಕ ಮ್ಯಾಕ್‌ಓಎಸ್ಸಿಗೆ ಒಪ್ಪಿಸುತ್ತಾರೆ. ಥಂಡರ್‌ಬೋಲ್ಟಿನ ಸೇತುವೆಗಳು ಯಾವುವು, ಅವುಗಳ ಹಿಂದೆ ಚಾಲೂ ಜೋಡಣೆಗೆ ಅವಕಾಶವಿದೆ, ಅಲ್ಲಿಗೆ ಬರುವ ಸಾಧನ ಕಳಚಬಹುದಾದದ್ದು, ಎಂಬ ಘೋಷಣೆಗಳೇ ಈ ಕೋಷ್ಟಕದ ಸಾರ. ಗುಮಾಸ್ತನ ದಫ್ತರಿನಲ್ಲಿ ‘ತಿಕೋಟೆಯ ದಾರಿ ಬೆಳೆಯತಕ್ಕದ್ದು, ಜಾಗ ಬಿಡಿರಿ’ ಎಂದು ಟಿಪ್ಪಣಿ ಸೇರಿಸಿದಂತೆ.

ಇಷ್ಟರಿಂದಲೂ ಸರಿಹೋಗದಿದ್ದಾಗ ಉಳಿಯುವುದು ಮೂರನೆಯ ದಾರಿ: ಥಂಡರ್‌ಬೋಲ್ಟ್ ಚಿಪ್ಪಿನ ಫರ್ಮ್‌ವೇರನ್ನೇ ಬದಲಿಸಿ, ಚಿಪ್ಪಿನೊಳಗಿನ ಮೇಸ್ತ್ರಿಯನ್ನು ಬದಿಗಿರಿಸಿ, ಮ್ಯಾಕ್‌ಓಎಸ್ಸಿನ ಮೇಸ್ತ್ರಿಗೆ ಅಧಿಕಾರ ಕೊಡುವುದು. ಇದು ಶಸ್ತ್ರಚಿಕಿತ್ಸೆ. ಬರೆಯುವಾಗ ಒಂದು ಬಿಟ್ಟು ತಪ್ಪಿದರೂ ಚಿಪ್ಪು ಮೂಕವಾಗಬಹುದು. ಮೂಲ ಫರ್ಮ್‌ವೇರಿನ ಪ್ರತಿಯನ್ನು ತೆಗೆದಿರಿಸಿಕೊಳ್ಳದೆ ಇದಕ್ಕೆ ಕೈಹಾಕುವುದು ವಿವೇಕವಲ್ಲ.

ತೆರೆದ ಬಾಗಿಲಿನ ಅಪಾಯ

ಇಷ್ಟಾದ ಮೇಲೆ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾಗದು. ಥಂಡರ್‌ಬೋಲ್ಟ್ ಸಾಧನವು ಗಣಕದ ಅಂಗವೇ ಆಗುತ್ತದೆ ಎಂದೆವಷ್ಟೆ. ಅಂಗವಾದ ಮೇಲೆ ಅದು ಸಂಸ್ಕಾರಕವನ್ನು ಕೇಳದೆಯೇ ಗಣಕದ ಮೆಮರಿಯನ್ನು ಓದಬಲ್ಲದು, ಬರೆಯಬಲ್ಲದು. ವೇಗದ ಗುಟ್ಟೇ ಅದು. ಹಾಗಾದರೆ ಸಾಧನವು ಕಪಟಿಯಾಗಿದ್ದರೆ? 2019ರಲ್ಲಿ ಥಂಡರ್‌ಕ್ಲ್ಯಾಪ್, 2020ರಲ್ಲಿ ಥಂಡರ್‌ಸ್ಪೈ ಎಂಬ ಹೆಸರುಗಳಲ್ಲಿ ಪ್ರಕಟವಾದ ಎರಡು ಸಂಶೋಧನೆಗಳು ಈ ಭಯ ನಿರಾಧಾರವಲ್ಲವೆಂದು ತೋರಿಸಿದವು. ಎರಡನೆಯದು ನೆದರ್‌ಲೆಂಡ್ಸ್ ದೇಶದ ಐಂಡ್‌ಹೋವನ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು.

ಇದಕ್ಕೆ ಕಾವಲುಗಾರನಾಗಿ ನಿಲ್ಲಬಲ್ಲದ್ದು ಸಂಸ್ಕಾರಕದೊಡನೆ ಬರುವ ಐಓಎಂಎಂಯು ಎಂಬ ಅಂಗ. ಇಂಟೆಲ್ಲಿನ ಗಣಕಗಳಲ್ಲಿ ಇದನ್ನು ವಿಟಿ-ಡಿ ಎನ್ನುತ್ತಾರೆ. ಸಾಧನಕ್ಕೆ ಕೊಟ್ಟ ಜಾಗವನ್ನು ಬಿಟ್ಟು ಬೇರೆಡೆ ಕೈಯಿಡದಂತೆ ಇದು ತಡೆಯಬಲ್ಲದು. ಹ್ಯಾಕಿಂಟಾಷ್ ಕಟ್ಟುವ ಸಾಮಾನ್ಯ ಸೂಚನೆಗಳಲ್ಲಿಯಾದರೋ ಈ ವಿಟಿ-ಡಿಯನ್ನು ನಿಲ್ಲಿಸಿರೆಂದೂ, ಥಂಡರ್‌ಬೋಲ್ಟಿನ ಭದ್ರತೆಯ ಮಟ್ಟವನ್ನು ಶೂನ್ಯಕ್ಕಿಳಿಸಿರೆಂದೂ ಹೇಳಿರುವುದುಂಟು. ಜೋಡಣೆ ಸಲೀಸಾಗುತ್ತದೆ, ನಿಜ. ಕದ ಕಿತ್ತ ಮನೆಗೆ ನೆಂಟರು ಬರುವುದೂ ಸಲೀಸು. ಅಂಥ ಗಣಕವನ್ನು ಹಾಸ್ಟೆಲಿನ ಮೇಜಿನ ಮೇಲೆ ಬಿಟ್ಟುಹೋಗುವವರು ಇದನ್ನು ನೆನಪಿನಲ್ಲಿಡಬೇಕು.

ಕಾನೂನಿನ ಮಾತೂ ಒಂದಿದೆ. ಮ್ಯಾಕ್‌ಓಎಸ್ಸನ್ನು ಆ್ಯಪಲ್ ಮುದ್ರೆಯ ಗಣಕಗಳಲ್ಲಿ ಮಾತ್ರ ಬಳಸಬೇಕೆಂಬುದು ಆ ಸಂಸ್ಥೆಯ ಪರವಾನಗಿಯ ಷರತ್ತು. ಇಂಥ ಗಣಕಗಳನ್ನು ಮಾರುತ್ತಿದ್ದ ಸೈಸ್ಟಾರ್ ಎಂಬ ಅಮೆರಿಕದ ಸಂಸ್ಥೆಯ ವಿರುದ್ಧ ಅಲ್ಲಿಯ ನ್ಯಾಯಾಲಯವು 2009ರಲ್ಲಿ ತೀರ್ಪು ಕೊಟ್ಟಿತು. 2011ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಇದಲ್ಲದೆ ಆ್ಯಪಲ್ ಸಂಸ್ಥೆ 2020ರಲ್ಲಿ ಸ್ವಂತ ಸಂಸ್ಕಾರಕಗಳ ಕಡೆಗೆ ಹೊರಳಿತು. ಮ್ಯಾಕ್‌ಓಎಸ್ ಟಾಹೋ ಎಂಬ 26ನೆಯ ಆವೃತ್ತಿಯೇ ಇಂಟೆಲ್ ಗಣಕಗಳಿಗೆ ಕೊನೆಯದೆಂದು 2025ರ ಜೂನ್ ತಿಂಗಳಲ್ಲಿ ಸಾರಿತು. ಆದುದರಿಂದ ಹ್ಯಾಕಿಂಟಾಷ್ ವಿದ್ಯೆಗೆ ಇನ್ನು ಹೆಚ್ಚಿನ ಆಯುಷ್ಯವಿಲ್ಲ.

ಉಳಿಯುವ ಪಾಠ

ಹವ್ಯಾಸವು ಅಳಿದರೂ ಅದರಿಂದ ತಿಳಿದ ತತ್ತ್ವ ಅಳಿಯುವುದಿಲ್ಲ. ಅದನ್ನು ಕಣ್ಣಾರೆ ನೋಡಲು ಯಾರ ಪರವಾನಗಿಯನ್ನೂ ಮುರಿಯಬೇಕಾಗಿಲ್ಲ. ಥಂಡರ್‌ಬೋಲ್ಟ್ ಇರುವ ಯಾವುದಾದರೂ ಪಿಸಿಯಲ್ಲಿ, ಎಲ್ಲರಿಗೂ ಮುಕ್ತವಾಗಿರುವ ಲಿನಕ್ಸ್ ವ್ಯವಸ್ಥೆಯನ್ನು ನಡೆಸಿ, ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಯನ್ನು ಕೊಟ್ಟು ನೋಡಿರಿ. ಗಣಕದ ಅಂಗಗಳ ಪಟ್ಟಿ ಬಸ್ ಸಂಖ್ಯೆಯೊಡನೆ ತೆರೆಯ ಮೇಲೆ ಮೂಡುತ್ತದೆ. ಸಂಖ್ಯೆಗಳು ಒಂದಾದ ಮೇಲೊಂದು ಬರುತ್ತ ಬರುತ್ತ, ಥಂಡರ್‌ಬೋಲ್ಟಿನ ಸೇತುವೆಗಳ ಬಳಿ ಒಮ್ಮೆಲೇ ಹತ್ತಾರು ಸಂಖ್ಯೆಗಳನ್ನು ಹಾರಿ ಮುಂದಕ್ಕೆ ಹೋಗಿರುವುದು ಎಷ್ಟೋ ಗಣಕಗಳಲ್ಲಿ ಕಾಣುತ್ತದೆ. ಮೀಸಲು ಸಂಖ್ಯೆಗಳು ಎಷ್ಟಿರಬೇಕೆಂದು ಲಿನಕ್ಸಿಗೆ ನಾವೇ ಹೇಳುವುದಕ್ಕೂ ಅವಕಾಶವಿದೆ. ಬದಲಿಸಿ ನೋಡಿದರೆ ಮೇಲಿನ ಗುಮಾಸ್ತನ ಕಥೆ ಪ್ರಯೋಗದಿಂದಲೇ ಮನದಟ್ಟಾಗುತ್ತದೆ.

ಪಟ್ಟಿಯಲ್ಲಿ ಹಾರಿಹೋದ ಆ ಸಂಖ್ಯೆಗಳು ಯಾರ ಹೆಸರಿನಲ್ಲಿಯೂ ಇಲ್ಲ; ಮೇಲುನೋಟಕ್ಕೆ ಅವು ಪೋಲಾದ ಜಾಗ. ಆದರೆ ಓಡುತ್ತಿರುವ ಗಣಕವು ನಿಲ್ಲದೆ ಬೆಳೆಯುವುದಕ್ಕೆ ಬೇಕಾದ ಎಡೆ ಅದೇ. ಬರಿದಾಗಿ ಬಿಟ್ಟ ಎಡೆಯೂ ರಚನೆಯ ಒಂದು ಭಾಗವೆಂಬುದನ್ನು ಅರಿತವನು ಗಣಕವನ್ನು ಕಟ್ಟುವುದಕ್ಕೆ ಅರ್ಹನಾದನೆಂದೇ ಹೇಳಬಹುದು.